ಮೇಲ್ಬೀದಿಗೆ ಹತ್ತಿದ ನೀರು

ಹಾಸಿಗೆ ಹೊಲಿಯುವವಳ ಮನೆ ಇಳಿಜಾರಿನ ಬುಡದಲ್ಲಿತ್ತು, ಅವಳ ಅಕ್ಕನ ಮನೆ ಅದೇ ಇಳಿಜಾರಿನ ನೆತ್ತಿಯಲ್ಲಿ. ನಡುವೆ ಒಂದಿಷ್ಟು ಕಲ್ಲಿನ ಮೆಟ್ಟಿಲು, ಬಸ್ಸು ತಿರುಗಿಕೊಳ್ಳುವ ಒಂದು ರಸ್ತೆ, ಆಮೇಲೆ ಮತ್ತೆ ಮೆಟ್ಟಿಲು. ಕೆಳಗಿನಿಂದ ಹೊರಟವರು ಎಲ್ಲಾದರೂ ನಿಂತು ಸುಧಾರಿಸಿಕೊಳ್ಳಲೇಬೇಕು. ನೀರಿನ ಪಾಡೂ ಅದೇ ಆಗಿತ್ತು. ವರ್ಷಗಟ್ಟಲೆ ಅದು ಮೇಲ್ಬೀದಿಯ ತನಕ ಹತ್ತಲಾರದೆ ನಡುದಾರಿಯಲ್ಲೇ ಸುಸ್ತಾಗುತ್ತಿತ್ತು. ಅಕ್ಕನ ಮನೆಯ ನಲ್ಲಿ ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ಒಂದೆರಡು ಕೆಮ್ಮು, ಕೊನೆಗೆ ನೂಲಿನಂಥ ಧಾರೆ.

ಹಾಸಿಗೆ ಹೊಲಿಯುವವಳನ್ನು ಮನೆಯವರು ಪುಟ್ಟಿ ಎನ್ನುತ್ತಿದ್ದರು. ನಲವತ್ತು ದಾಟಿ ಬಿಳಿಕೂದಲು ಕಾಣಿಸಿಕೊಂಡರೂ ಅಮ್ಮ ಕರೆದ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಗಂಡ ನಗರದ ಬಸ್ಸು ಓಡಿಸುತ್ತಿದ್ದ. ಮನೆಯ ಮುಂದಿನ ದೊಡ್ಡ ಕೋಣೆಯೇ ಅವಳ ಕಾರ್ಖಾನೆ: ಗೋಡೆಗೊರಗಿದ ಹತ್ತಿಯ ಮೂಟೆಗಳು, ಪಟ್ಟೆಪಟ್ಟೆ ದಪ್ಪ ಬಟ್ಟೆಯ ಸುರುಳಿಗಳು, ಹತ್ತಿ ಹಿಂಜುವ ಯಂತ್ರ, ಗೇಣುದ್ದದ ಸೂಜಿಗಳು. ಹತ್ತಿಯ ಧೂಳಿಗೆ ಅಮ್ಮನಿಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಅಮ್ಮನಿಗೆ ಲಕ್ವ ಹೊಡೆದಾಗ ಅವಳನ್ನು ಮೇಲ್ಬೀದಿಗೆ, ಅಕ್ಕನ ಮನೆಗೆ ಒಯ್ದರು. ಭಾವ ದೂರದ ಊರಿನಲ್ಲಿ ಕೆಲಸಕ್ಕಿದ್ದು ಅಪರೂಪಕ್ಕೆ ಬರುತ್ತಿದ್ದ. ಅಮ್ಮನ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಹೊಲಸಾದ ಬಟ್ಟೆ ತೊಳೆಯುವುದು, ಎಲ್ಲ ಅಕ್ಕನ ತಲೆಯ ಮೇಲೆ. ಪುಟ್ಟಿ ವಾರಕ್ಕೊಮ್ಮೆ ಹತ್ತಿ ಹೋಗಿ ಅಮ್ಮನಿಗೆ ಸ್ನಾನ ಮಾಡಿಸಿ ಬರುತ್ತಿದ್ದಳು. ಇಳಿದು ಬರುವಾಗ ಪ್ರತಿಸಲವೂ, ಅಕ್ಕ ಒಂದು ಮಾತೂ ಅನ್ನದಿದ್ದರೂ, ತನ್ನ ಪಾಲಿನ ಕೆಲಸ ಅರ್ಧಕ್ಕೇ ಬಿಟ್ಟು ಎದ್ದುಬಂದಂತೆ ಅನ್ನಿಸುತ್ತಿತ್ತು.

ಹಾಗಾಗಿಯೇ ಮೇಲ್ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ನೀರಿನ ಕಚೇರಿಗೆ ಹೊರಟ ದಿನ ಪುಟ್ಟಿಯೂ ಒಂದು ಕೊಡ ಹಿಡಿದು ಸೇರಿಕೊಂಡಳು. ತನ್ನ ಮನೆಯಲ್ಲಿ ನೀರಿಗೆ ಕೊರತೆಯಿಲ್ಲದಿದ್ದರೂ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ಕೂಗಿದ್ದು ವ್ಯರ್ಥವಾಗಲಿಲ್ಲ. ಕೆಲವು ತಿಂಗಳಲ್ಲಿ ಪಂಪುಮನೆಗೆ ಹೊಸ ಪಂಪುಗಳು ಬಂದವು. ನೀರು ಮೇಲೆ ಹತ್ತಿದ ದಿನ ಅಕ್ಕ ಫೋನು ಮಾಡಿ, ಮಾತಾಡದೆ, ಅದನ್ನು ನಲ್ಲಿಯ ಹತ್ತಿರ ಹಿಡಿದಳು. ಧೋ ಎನ್ನುವ ಸದ್ದು.

"ಕೇಳಿಸ್ತೇನೇ?"

"ಕೇಳಿಸ್ತು ಅಕ್ಕ."

"ಅಮ್ಮನ ಮೈಮೇಲೆ ಎರಡು ಬಕೆಟ್ ಸುರಿದೆ ಕಣೇ ಇವತ್ತು. ಎರಡು!"

ಅಕ್ಕ ಅಷ್ಟು ಬಾಯಿತುಂಬ ನಕ್ಕದ್ದನ್ನು ಪುಟ್ಟಿ ಕೇಳಿ ಬಹಳ ಕಾಲವಾಗಿತ್ತು.

ಕೆಳಬೀದಿಯಲ್ಲಿ ಅದೇ ವಾರ ಗೋಡೆಗಳು ಸದ್ದು ಮಾಡತೊಡಗಿದವು. ನಲ್ಲಿ ಮುಚ್ಚಿದೊಡನೆ ಒಳಗಿನ ಪೈಪನ್ನು ಯಾರೋ ಸುತ್ತಿಗೆಯಿಂದ ಬಡಿದಂತೆ ಢಣ್ಣೆನ್ನುವುದು. ಪಾತ್ರೆ ತೊಳೆಯಲು ಹೋದರೆ ನೀರು ತಟ್ಟೆಗೆ ಬಡಿದು ಅವಳ ಮುಖಕ್ಕೆ, ಗೋಡೆಗೆ, ಮೇಲಿನ ಶೆಲ್ಫಿಗೆ ಎರಚುವುದು. ಕಕ್ಕಸಿನ ಫ್ಲಶ್ ತೊಟ್ಟಿ ಸುಯ್ಯೆಂದು ತುಂಬಿಕೊಳ್ಳುತ್ತಲೇ ಇರುವುದು. ಗೀಸರಿನ ಪಕ್ಕದ ಪುಟ್ಟ ಹಿತ್ತಾಳೆ ಮೂತಿಯಿಂದ ತೊಟ್ಟಿಕ್ಕುವುದು ಶುರುವಾಯಿತು. ಅದರಡಿಗೆ ಒಂದು ಬಕೆಟ್ ಇಟ್ಟಳು.

ಗಂಡನಿಗೆ ಮೊದಮೊದಲು ಖುಷಿಯೇ. "ಈಗ ನೋಡು, ಸ್ನಾನ ಅಂದ್ರೆ ಸ್ನಾನ! ಬೆನ್ನಿಗೆ ಒಳ್ಳೇ ಏಟು ಬೀಳುತ್ತೆ."

"ಏಟು ಬೀಳ್ತಿರೋದು ನಿಮ್ಮ ಬೆನ್ನಿಗೆ ಮಾತ್ರ ಅಲ್ಲ ರೀ. ಆ ಗೋಡೆ ಕೇಳಿ ಒಂದ್ಸಲ."

"ಹಳೇ ಮನೆ, ಸುಮ್ಮನೆ ಗೊಣಗುತ್ತೆ. ನಿನ್ನ ಹಾಗೆ."

ಆಗ ಅವಳ ಕೈಯಲ್ಲಿ ದೊಡ್ಡ ಕೆಲಸವಿತ್ತು. ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲ್ಲಿಗೆ ಹಾಸಿಗೆಗಳು. ಅಂಥ ಕೆಲಸ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಇದು ಸರಿಯಾಗಿ ಮುಗಿದರೆ ಪ್ರತಿವರ್ಷ ಅವಳಿಗೇ ಎಂದು ವಾರ್ಡನ್ ಹೇಳಿದ್ದಳು. ಹೊಲಿದು ಮುಗಿಸಿದ ಹಾಸಿಗೆಗಳನ್ನು ಪುಟ್ಟಿ ನೆಲದ ಮೇಲೆ ಹಲಗೆ ಹಾಸಿ ಒಂದರ ಮೇಲೊಂದು ಪೇರಿಸುತ್ತಿದ್ದಳು. ಒಂದು ಮಧ್ಯಾಹ್ನ ದಾರ ಮುಗಿಯಿತೆಂದು ಅಂಗಡಿಗೆ ಹೋಗಿ ಬಂದಾಗ ಬಾಗಿಲಡಿಯಿಂದ ನೀರು ಹೊರಬಂದು ಬೀದಿಗೆ ಇಳಿಯುತ್ತಿತ್ತು.

ಬೀಗ ತೆಗೆದು ನುಗ್ಗಿದಳು. ಒಳಗೆ ಕೈತೊಳೆಯುವ ಬೇಸಿನ್ನಿನಡಿಯ ಬಳುಕುವ ಪೈಪು ಮಧ್ಯಕ್ಕೆ ಸೀಳಿ, ಹಾವಿನ ಹಾಗೆ ಅತ್ತಿತ್ತ ಹೊಡೆದುಕೊಳ್ಳುತ್ತ ನೀರು ಉಗುಳುತ್ತಿತ್ತು. ಹಿತ್ತಲ ಓಣಿಯ ಗೋಡೆಯಲ್ಲಿದ್ದ ಮನೆಯ ಮುಖ್ಯ ವಾಲ್ವಿನ ಹತ್ತಿರ ಓಡಿದಳು. ಅದರ ಚಕ್ರ ಎಂದೋ ಮುರಿದಿತ್ತು. ಇಕ್ಕಳದಿಂದ ಕಚ್ಚಿ ಹಿಡಿದು ತಿರುಗಿಸುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಮೂಟೆಗಳು ಬುಡದಿಂದ ನೀರು ಕುಡಿದು ಊದಿಕೊಂಡಿದ್ದವು. ಪೇರಿಸಿದ್ದರಲ್ಲಿ ಕೆಳಗಿನ ಹಾಸಿಗೆಗಳನ್ನು ಎಳೆಯಲು ಹೋದಳು. ಒಣಗಿದ್ದಾಗ ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಂಥವು ಈಗ ಹೆಣಭಾರವಾಗಿದ್ದವು. ಅಲುಗಲಿಲ್ಲ. ಅವುಗಳ ಮೇಲೇ ಕುಸಿದು ಕೂತಳು. ಕೂತಲ್ಲಿಂದ ನೀರು ಒಸರಿ ಸೀರೆಯನ್ನು ತೋಯಿಸಿತು.

ನೀರಿನ ಕಚೇರಿಯ ಇಂಜಿನಿಯರ್ ಅವಳನ್ನು ನೋಡಿದೊಡನೆ ಗುರುತು ಹಿಡಿದ.

"ನೀವೇ ಅಲ್ವಾ ಅವತ್ತು ಕೊಡ ಹಿಡ್ಕೊಂಡು ಇಲ್ಲೇ ಕೂಗಿದ್ದು? ನೀರು ಬರಲ್ಲ ಅಂತ ಕೂಗಿದ್ರಿ. ಈಗ ಜಾಸ್ತಿ ಬರುತ್ತೆ ಅಂತ ಬಂದಿದೀರ. ನಾವು ಏನು ಮಾಡ್ಬೇಕು ಹೇಳಿ."

ಅವನೇನೂ ಕೆಟ್ಟವನಲ್ಲ. ಕುರ್ಚಿ ತೋರಿಸಿ ಕೂರಿಸಿದ, ಗೋಡೆಯ ನಕ್ಷೆಯಲ್ಲಿ ಇಳಿಜಾರನ್ನು ತೋರಿಸಿದ. ಒಂದೇ ಪೈಪು ಕೆಳಬೀದಿಯನ್ನು ದಾಟಿಕೊಂಡೇ ಮೇಲ್ಬೀದಿಗೆ ಹೋಗಬೇಕು. ನೆತ್ತಿಯ ತನಕ ನೀರನ್ನು ತಳ್ಳುವಷ್ಟು ಜೋರು ಕೊಟ್ಟರೆ ಬುಡದಲ್ಲಿ ಅದು ಮನೆಗಳು ತಾಳುವುದಕ್ಕಿಂತ ಹೆಚ್ಚಾಗುತ್ತದೆ. ಕೆಳಬೀದಿಗೆಂದೇ ಬೇರೆ ಕವಲು ತೆಗೆದು ಅದಕ್ಕೆ ಒತ್ತಡ ತಗ್ಗಿಸುವ ದೊಡ್ಡ ವಾಲ್ವ್ ಕೂರಿಸುವುದು ಯೋಜನೆಯಲ್ಲಿದೆ.

"ಯಾವಾಗ ಕೂರಿಸ್ತೀರ?"

"ಮೇಲಿಂದ ಮಂಜೂರಾತಿ ಬರ್ಬೇಕು. ಬರುತ್ತೆ."

"ಅಲ್ಲೀವರೆಗೆ ನಾನೇನು ಮಾಡ್ಲಿ ಸಾರ್? ಹತ್ತಿ ಕೆಲಸ ನಂದು. ನೀರು ಬಿದ್ರೆ ಮುಗೀತು."

"ಮೀಟರಿಂದ ಈಚೆಗೆ ನಿಮ್ಮದೇ ಜವಾಬ್ದಾರಿ ಅಮ್ಮ. ಒಳ್ಳೇ ಪ್ಲಂಬರನ್ನ ಕರೆಸಿ." ತಡೆದು, ದನಿ ತಗ್ಗಿಸಿ ಸೇರಿಸಿದ, "ಪಂಪು ಇಳಿಸಿದ್ರೆ ನಿಮ್ಮ ಅಕ್ಕಂದಿರು ಮತ್ತೆ ಕೊಡ ಹಿಡ್ಕೊಂಡು ಬರ್ತಾರೆ."

ಅಕ್ಕಂದಿರು ಎಂದು ಅವನು ಸುಮ್ಮನೆ ಮಾತಿಗೆ ಅಂದದ್ದು. ಪುಟ್ಟಿಗೆ ಅದು ನೇರ ಎದೆಗೆ ನಾಟಿತು.

ಪ್ಲಂಬರ್ ಬಂದು ಅಂಗಳದ ನಲ್ಲಿಗೆ ಒತ್ತಡ ಅಳೆಯುವ, ಗಡಿಯಾರದಂಥ ಒಂದು ಮೀಟರ್ ಸಿಕ್ಕಿಸಿ ನಲ್ಲಿ ತೆರೆದ. ಮುಳ್ಳು ಸರ್ರನೆ ಏರಿತು.

"ಮನೆಗೆ ಮೂರು, ಹೆಚ್ಚೆಂದ್ರೆ ನಾಲ್ಕು ಇರ್ಬೇಕು. ಇದು ಒಂಬತ್ತು ಮುಟ್ಟಿದೆ," ಎಂದ. "ಇಷ್ಟಕ್ಕೆ ನಿಮ್ಮ ಹಳೇ ಪೈಪು ತಡ್ಕೊಂಡಿರೋದೇ ಪುಣ್ಯ. ಗೀಸರಿಂದ ತೊಟ್ಟಿಕ್ಕೋದನ್ನ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಅದು ಒತ್ತಡ ಹೊರಗೆ ಬಿಡೋಕೇ ಇರೋದು."

ಮದ್ದೇನೆಂದರೆ ಮನೆಯ ಪೈಪಿಗೇ ಒಂದು ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು. ಆದರೆ ಕೆಳಬೀದಿಯಲ್ಲಿ ಅನುಕೂಲಸ್ಥರೆಲ್ಲ ಆಗಲೇ ಹಾಕಿಸಿಕೊಂಡು ಅಂಗಡಿಗಳಲ್ಲಿ ಅವು ಮುಗಿದುಹೋಗಿದ್ದವು. ಹೊಸ ಸರಕು ಬಂದೊಡನೆ ಫೋನು ಮಾಡುತ್ತೇನೆ, ಅಲ್ಲಿಯ ತನಕ ಎಲ್ಲಿಗೇ ಹೋದರೂ ಮುಖ್ಯ ವಾಲ್ವನ್ನು ಪೂರ್ತಿ ಬಿಗಿಮಾಡಿ ಹೋಗಿ ಎಂದು ಹೇಳಿ ಹೋದ.

ಗಂಡನಿಗೆ ಇನ್ನೊಂದು ಉಪಾಯ ಹೊಳೆಯಿತು. ಮುಖ್ಯ ವಾಲ್ವನ್ನು ಮುಕ್ಕಾಲು ಪಾಲು ಮುಚ್ಚಿ ಒಂದಿಷ್ಟೇ ತೆರೆದಿಟ್ಟ. ನಲ್ಲಿ ತಿರುಗಿಸಿದರೆ ನೀರು ಸಾಧುವಾಗಿ ಬಂತು. "ನೋಡಿದ್ಯಾ? ಬಸ್ಸು ಇಳಿಜಾರಲ್ಲಿ ಬ್ರೇಕ್ ಹಿಡಿದ ಹಾಗೆ," ಎಂದು ಮೀಸೆ ಮೇಲೆ ಕೈಯಾಡಿಸಿದ. ಪುಟ್ಟಿಗೂ ಹೌದೆನ್ನಿಸಿತು. ಒದ್ದೆ ಹಾಸಿಗೆಗಳ ಹೊಲಿಗೆ ಬಿಚ್ಚಿ, ಹತ್ತಿಯನ್ನು ಅಕ್ಕಪಕ್ಕದವರ ಮಾಳಿಗೆಗಳ ಮೇಲೆಲ್ಲ ಹರಡಿ ಒಣಗಿಸಿ, ಮತ್ತೆ ಹಿಂಜಿ, ಮತ್ತೆ ತುಂಬಿ, ಮತ್ತೆ ಹೊಲಿದಳು. ಬೆರಳ ತುದಿಗಳು ಜರಡಿಯಾದವು. ವಾರ್ಡನ್ ಒಂದು ಸಲ ವಾಯಿದೆ ಕೊಟ್ಟಳು.

ರಜೆಯ ದಿನ ಗಂಡಹೆಂಡತಿ ಇಬ್ಬರೂ ಅಮ್ಮನನ್ನು ನೋಡಲು ಮೇಲ್ಬೀದಿಗೆ ಹೋದರು. ಅಮ್ಮ ಅಂದು ಗೆಲುವಾಗಿದ್ದಳು. ಬಿಳಿ ಹಾಸಿನ ಮೇಲೆ, ಒಗೆದ ಬಟ್ಟೆಯಲ್ಲಿ, ತಲೆ ಬಾಚಿಸಿಕೊಂಡು ಅಳಿಯನ ಜೊತೆ ಸೊಟ್ಟಬಾಯಲ್ಲೇ ತಮಾಷೆ ಮಾಡಿದಳು. ಇಳಿದು ಬಂದಾಗ ಮನೆ ಮತ್ತೆ ನೀರಿನಲ್ಲಿ ನಿಂತಿತ್ತು. ಈ ಸಲ ಅಡುಗೆಮನೆಯ ಗೋಡೆಯೊಳಗೇ ಪೈಪಿನ ಬೆಸುಗೆ ಬಿಟ್ಟಿತ್ತು.

ಗಂಡ ಪ್ಲಂಬರಿಗೆ ಫೋನು ಮಾಡಿ ರೇಗಾಡಿದ. ಆ ಕಡೆಯಿಂದ ಬಂದ ಉತ್ತರ ಕೇಳಿ ಅವನ ಮುಖ ಇಳಿಯಿತು. ವಾಲ್ವನ್ನು ಮುಕ್ಕಾಲು ಮುಚ್ಚಿದರೆ ಹರಿಯುವಾಗ ನೀರು ಕಡಿಮೆ ಬರುತ್ತದೆ, ಅಷ್ಟೇ. ಎಲ್ಲ ನಲ್ಲಿ ಮುಚ್ಚಿ ನೀರು ನಿಂತರೆ ಆ ಸಂದಿನಿಂದಲೇ ಮೆಲ್ಲಮೆಲ್ಲಗೆ ತುಂಬಿಕೊಂಡು ಮನೆಯೊಳಗೂ ಬೀದಿಯ ಒತ್ತಡವೇ ಆಗುತ್ತದೆ.

"ಪೂರ್ತಿ ಮುಚ್ಚಿ ಅಂತ ಅವರು ಹೇಳಿರ್ಲಿಲ್ವಾ?" ಪುಟ್ಟಿಯ ದನಿ ಕೀರಲಾಗಿತ್ತು. "ಬ್ರೇಕಂತೆ ಬ್ರೇಕು!"

"ನೀನೂ ಇದ್ದೆಯಲ್ಲ? ಆಗ ಯಾಕೆ ಬಾಯಿ ಮುಚ್ಕೊಂಡಿದ್ದೆ?"

ಅಷ್ಟಕ್ಕೆ ನಿಲ್ಲಲಿಲ್ಲ. ಮದುವೆಯಾದಾಗಿನಿಂದ ಆಡದೆ ಉಳಿದ ಮಾತುಗಳೆಲ್ಲ ಆ ನೀರಿನ ನಡುವೆ ನಿಂತೇ ಹೊರಬಂದವು. ಕೊನೆಗೆ ಗಂಡ ಬಾಗಿಲು ದೂಡಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ಪಂಚೆ ಮೇಲೆ ಕಟ್ಟಿ, ಕಸಬರಿಗೆ ತೆಗೆದುಕೊಂಡು ನೀರನ್ನು ಬೀದಿಗೆ ತಳ್ಳತೊಡಗಿದ.

ಮಾರನೆಯ ದಿನ ಬೆಳಿಗ್ಗೆ ಪ್ಲಂಬರ್ ಬಂದು ಪೈಪು ಬೆಸೆದು ಹೋದ. ಗಂಡ ಡ್ಯೂಟಿಗೆ ಹೋದಮೇಲೆ ಪಕ್ಕದ ಮನೆಯ ಬೀಗದಣ್ಣ ಬಂದ. ಬೀಗ ರಿಪೇರಿ, ಕೀಲಿ ಮಾಡುವುದು ಅವನ ಕಸುಬು; ಈ ಬೀದಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವನ ಮನೆಯ ನೆಲವೂ ಎರಡು ಸಲ ಕೆರೆಯಾಗಿತ್ತು. ಅವನ ಬಗಲಲ್ಲಿ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತುವಿತ್ತು. ಬಿಚ್ಚಿದ. ಎದೆಯೆತ್ತರದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ.

"ಊರಲ್ಲಿರೋ ಬೀಗಕ್ಕೆಲ್ಲ ಕೀಲಿ ಮಾಡಿದೀನಿ. ಇದು ನೀರಿನ ಬೀಗಕ್ಕೆ," ಎಂದ.

ಪುಟ್ಟಿಯ ಮನೆಯ ಮುಂದೆಯೇ ಬೀದಿಯಲ್ಲಿ ಒಂದು ಕಬ್ಬಿಣದ ಮುಚ್ಚಳವಿತ್ತು. ಅದರಡಿಯ ಗುಂಡಿಯಲ್ಲಿ ದೊಡ್ಡ ಪೈಪಿನ ವಾಲ್ವು. ಅದನ್ನು ಅರ್ಧಕ್ಕಿಂತ ಹೆಚ್ಚು ಬಿಗಿಮಾಡಿಟ್ಟರೆ, ಜನ ನೀರು ಬಳಸುವ ಹಗಲಿನಲ್ಲಿ ಒತ್ತಡ ತಾನಾಗಿ ಬೀಳುತ್ತದೆ, ಕತ್ತಲಾದಮೇಲೆ ನಮ್ಮ ನಮ್ಮ ಮನೆಯ ವಾಲ್ವು ಪೂರ್ತಿ ಮುಚ್ಚಿಕೊಂಡರಾಯಿತು ಎಂದು ಬೀಗದಣ್ಣ ಲೆಕ್ಕ ಹಾಕಿದ್ದ.

"ಮೇಲ್ಬೀದಿಗೆ?" ಎಂದಳು ಪುಟ್ಟಿ.

"ಅವರಿಗೆ ಮೊದ್ಲಿಂದ ನೀರಿರ್ಲಿಲ್ಲ. ಇನ್ನೊಂದು ವಾರ ಇಲ್ದಿದ್ರೆ ಸತ್ತುಹೋಗಲ್ಲ. ಅಷ್ಟರಲ್ಲಿ ನಮ್ಮ ವಾಲ್ವ್ ಬರುತ್ತೆ. ನೋಡಮ್ಮ, ದಿನವಿಡೀ ಮನೇಲಿರೋಳು ನೀನೊಬ್ಬಳೇ. ನಿನ್ನ ಬಾಗಿಲ ಮುಂದೆ ನೀನು ಓಡಾಡಿದ್ರೆ ಯಾರು ಕೇಳ್ತಾರೆ?"

ಅಮ್ಮ ಅಲ್ಲೇ ಇದ್ದಾಳೆ ಎಂದು ಪುಟ್ಟಿ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಹಿಂದೆ ತಿರುಗಿ ನೋಡಿದರೆ ಮುಂದಿನ ಕೋಣೆಯಲ್ಲಿ ಒದ್ದೆ ಹತ್ತಿ ಗುಡ್ಡೆಗುಡ್ಡೆಯಾಗಿ ಬಿದ್ದು ಮುಗ್ಗಲು ನಾರುತ್ತಿತ್ತು. ವಾರ್ಡನ್ ಮುಂದೂಡಿ ಕೊಟ್ಟಿದ್ದ ವಾಯಿದೆಯೂ ಹತ್ತಿರ ಬಂದಿತ್ತು. ಅಕ್ಕನ ಮನೆಯಲ್ಲಿ ಡ್ರಮ್ಮುಗಳಿವೆ, ತುಂಬಿಟ್ಟಿರುತ್ತಾಳೆ, ಹೇಗೋ ನಡೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಡುಹಗಲಿನಲ್ಲಿ, ಬೀದಿ ಗುಡಿಸುವ ನೆಪದಲ್ಲಿ, ಮುಚ್ಚಳ ಎತ್ತಿ ಕೀಲಿ ಇಳಿಸಿ ತಿರುಗಿಸಿದಳು. ಮೊದಲು ಬಿಗಿಯಾಗಿತ್ತು, ಆಮೇಲೆ ಸಲೀಸಾಗಿ ಸುತ್ತಿತು.

ಮನೆ ತಣ್ಣಗಾಯಿತು. ಗೋಡೆ ಸುಮ್ಮನಾಯಿತು, ಗೀಸರ್ ತೊಟ್ಟಿಕ್ಕುವುದನ್ನು ನಿಲ್ಲಿಸಿತು. ಪುಟ್ಟಿ ದೆವ್ವ ಹಿಡಿದವಳಂತೆ ಹೊಲಿದಳು. ಊಟಕ್ಕೆ ಎದ್ದರೂ ಸೂಜಿ ಕೈಯಲ್ಲೇ. ವಿಷಯ ಗೊತ್ತಾದಾಗ ಗಂಡ ಸರಿ ಎನ್ನಲೂ ಇಲ್ಲ, ತಪ್ಪು ಎನ್ನಲೂ ಇಲ್ಲ.

ಅಕ್ಕ ಫೋನು ಮಾಡಿದಳು. "ನೀರು ನಿಂತುಹೋಗಿದೆ ಕಣೇ. ನಿಮ್ಮಲ್ಲಿ?"

"ನಮ್ಮಲ್ಲೂ ಸಣ್ಣಗೆ ಬರ್ತಿದೆ. ಪಂಪು ಕೆಟ್ಟಿರ್ಬೇಕು."

"ಕಚೇರೀಲಿ ಪಂಪು ಸರಿಯಾಗೇ ಇದೆ ಅಂತಾರಲ್ಲ."

"ಅವರು ಯಾವತ್ತು ನಿಜ ಹೇಳಿದಾರೆ ಅಕ್ಕ?"

ಫೋನಿಟ್ಟು ಮತ್ತೆ ಹೊಲಿಯಲು ಕೂತಾಗ ಸೂಜಿ ಜಾರಿ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಒರೆಸಿಕೊಂಡು ಹೊಲಿಗೆ ಮುಂದುವರಿಸಿದಳು. ಇನ್ನೆರಡು ದಿನ, ಹಾಸಿಗೆಗಳನ್ನು ಲಾರಿಗೆ ಏರಿಸಿದ ಕೂಡಲೇ ತೆರೆದುಬಿಡುತ್ತೇನೆ ಎಂದುಕೊಂಡಳು. ಅಮ್ಮನನ್ನು ನೋಡಲು ಹೋಗುವ ದಿನವೂ ಬಂತು. ಹೋಗಲಿಲ್ಲ.

ಅಕ್ಕನೇ ಇಳಿದು ಬಂದಳು. ಬಾಗಿಲಲ್ಲಿ ನಿಂತವಳ ತಲೆಯ ಮೇಲೆ ಹಾಸುಬಟ್ಟೆಗಳ ದೊಡ್ಡ ಗಂಟು, ಎರಡು ಕೈಯಲ್ಲಿ ಎರಡು ಖಾಲಿ ಕ್ಯಾನು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಗಂಟನ್ನು ಇಳಿಸಿದಾಗ ಬಂದ ವಾಸನೆಗೆ ಪುಟ್ಟಿ ಅರಿಯದೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮ್ಮಲ್ಲಿ ಸಣ್ಣಗಾದ್ರೂ ಬರುತ್ತಲ್ಲ," ಎಂದಳು ಅಕ್ಕ. "ಇವಿಷ್ಟು ಒಗೆದುಕೊಂಡು ಹೋಗ್ತೀನಿ. ಪಕ್ಕದ ಮನೆಯವಳನ್ನ ಅಮ್ಮನ ಹತ್ರ ಕೂರಿಸಿ ಬಂದಿದೀನಿ. ಬೇಗ ಹೋಗ್ಬೇಕು."

ಹಿತ್ತಲ ಓಣಿಯ ಕಲ್ಲಿನ ಮೇಲೆ ಇಬ್ಬರೂ ಒಗೆಯಲು ಕೂತರು. ಅಕ್ಕ ಸೋಪು ಹಚ್ಚುವಳು, ಪುಟ್ಟಿ ಜಾಲಾಡಿಸಿ ಹಿಂಡುವಳು.

"ಡ್ರಮ್ಮು ಮೊನ್ನೇನೇ ಖಾಲಿ. ಟ್ಯಾಂಕರಿನವನು ಆ ಮೆಟ್ಟಿಲು ನೋಡಿ ತಿರುಗಿಸ್ಕೊಂಡು ಹೋದ. ಕುಡಿಯೋಕೆ ಅಂತ ಹೇಗೋ ಹೊತ್ತು ತಂದೆ," ಅಕ್ಕ ಬಟ್ಟೆಯಿಂದ ತಲೆಯೆತ್ತದೆ ಹೇಳಿದಳು. "ಅಮ್ಮನನ್ನ ಒದ್ದೆ ಬಟ್ಟೇಲಿ ಒರೆಸಿ ಒರೆಸಿ ಮಲಗಿಸ್ತಿದೀನಿ. ಬೆನ್ನ ಮೇಲೆ ಹುಣ್ಣಾಗಿದೆ ಪುಟ್ಟಿ. ನಿನ್ನೆ ಬಾಯಿ ತೆಗೆದು ಅತ್ತಳು. ನಾನು ಅವಳ ಮೇಲೆ ರೇಗಿಬಿಟ್ಟೆ. ಹೊಲಸು ಮಾಡ್ಬೇಡ, ನೀರಿಲ್ಲ ಅಂತ. ಅವಳೇನು ಬೇಕೂಂತ ಮಾಡ್ತಾಳಾ?"

ಪುಟ್ಟಿ ಹಿಂಡುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು.

"ನೀನೊಬ್ಬಳು ಇಲ್ಲಿ ಇಲ್ದಿದ್ರೆ ನಾನು ಇವನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೆ ಹೇಳು," ಎಂದಳು ಅಕ್ಕ.

"ಅಕ್ಕ, ಬೀದಿ ವಾಲ್ವ್ ಮುಚ್ಚಿರೋದು ನಾನು."

ಅಕ್ಕನಿಗೆ ಅರ್ಥವಾಗಲಿಲ್ಲ. ಪುಟ್ಟಿ ಇನ್ನೊಮ್ಮೆ ಹೇಳಿದಳು. ಕೀಲಿ, ಬೀಗದಣ್ಣ, ಹತ್ತಿ, ವಾಯಿದೆ, ಎಲ್ಲವನ್ನೂ ಒಂದರ ಮೇಲೊಂದು ಬೀಳುವ ಹಾಗೆ ಹೇಳಿದಳು. ಅಕ್ಕ ಕೇಳುತ್ತ ಕೇಳುತ್ತ ಅವಳನ್ನು ಗುರುತಿಲ್ಲದವಳಂತೆ ನೋಡತೊಡಗಿದಳು. ಬೈಯುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ ಎಂದು ಪುಟ್ಟಿ ಕಾದಳು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಎದ್ದು, ಸೋಪು ಹಚ್ಚಿದ್ದ ಬಟ್ಟೆಗಳನ್ನೂ ಜಾಲಾಡಿಸಿದ ಬಟ್ಟೆಗಳನ್ನೂ ಸೇರಿಸಿಯೇ ಗಂಟು ಕಟ್ಟಿದಳು.

"ಅಕ್ಕ, ಮುಗಿಸ್ಕೊಂಡು ಹೋಗು. ನಾನು ಹೊತ್ತು ತರ್ತೀನಿ..."

"ಮುಟ್ಬೇಡ."

ನೀರು ಸುರಿಯುವ ಗಂಟನ್ನು ತಲೆಗೇರಿಸಿ ಅಕ್ಕ ಹೊರಟುಹೋದಳು. ಕ್ಯಾನುಗಳು ಅಲ್ಲೇ ಉಳಿದವು.

ಪುಟ್ಟಿ ಬಹಳ ಹೊತ್ತು ಕೂರಲಿಲ್ಲ. ಮುಂದಿನ ಕೋಣೆಯಲ್ಲಿ ಹಾಸಿಗೆಗಳು ಸೂರಿನ ಅರ್ಧದ ತನಕ ಪೇರಿಸಿ ನಿಂತಿದ್ದವು, ಇನ್ನು ಕೆಲವೇ ಬಾಕಿ. ಅವುಗಳ ಕಡೆ ನೋಡದೆ ದಾಟಿ ಹೋಗಿ, ಇಕ್ಕಳದಿಂದ ಮನೆಯ ಮುಖ್ಯ ವಾಲ್ವನ್ನು ತನ್ನ ಶಕ್ತಿಯೆಲ್ಲ ಹಾಕಿ ಬಿಗಿದಳು. ಆಮೇಲೆ ಕೀಲಿ ಹಿಡಿದು ಬೀದಿಗಿಳಿದಳು. ಈ ಸಲ ಪೊರಕೆಯ ನೆಪವೂ ಇರಲಿಲ್ಲ. ಮುಚ್ಚಳ ಕಲ್ಲಿಗೆ ಬಡಿದ ಸದ್ದಿಗೆ ಬೀಗದಣ್ಣ ಹೊರಬಂದ.

"ಏನಮ್ಮ ಮಾಡ್ತಿದೀಯ?"

"ತೆಗೀತಿದೀನಿ."

"ತಲೆ ಕೆಟ್ಟಿದ್ಯಾ? ನಮ್ಮ ಮನೆಗಳ ಗತಿ?"

"ನಿಮ್ಮ ವಾಲ್ವ್ ಮುಚ್ಕೊಳ್ಳಿ ಅಣ್ಣ. ಬೇಗ ಹೋಗಿ."

ಅವನು ಬೈಯುತ್ತ ಒಳಗೆ ಓಡಿದ. ಪುಟ್ಟಿ ಕೀಲಿಯ ಹಿಡಿಗೆ ಮೈಭಾರ ಕೊಟ್ಟು ಸುತ್ತಿದಳು. ಕಾಲಡಿಯ ನೆಲದಲ್ಲಿ ನೀರು ಗುಡುಗುಡು ಎಂದು ಓಡಿದ್ದು ಅಂಗಾಲಿಗೆ ತಿಳಿಯಿತು. ಪೂರ್ತಿ ತೆರೆದು, ಕೀಲಿಯನ್ನು ಅಲ್ಲೇ ಬಿಟ್ಟು ನಿಂತಳು. ಮನೆಯೊಳಗಿಂದ ಬಂದೂಕು ಹಾರಿದಂತೆ ಸದ್ದಾಯಿತು.

ಓಡಿದಳು. ಓಣಿಯ ಹಳೆಯ ಮುಖ್ಯ ವಾಲ್ವಿನ ಕೊರಳು ಕಿತ್ತುಹೋಗಿತ್ತು. ತಿರುಗಿಸುವ ಹಿತ್ತಾಳೆ ಕಡ್ಡಿ ಎಗರಿ ಎದುರು ಗೋಡೆಗೆ ಬಡಿದು ಬಿದ್ದಿತ್ತು. ಅದು ಇದ್ದ ತೂತಿನಿಂದ ಹೆಬ್ಬೆರಳು ದಪ್ಪದ ನೀರು ಓಣಿಯನ್ನು ದಾಟಿ ಗೋಡೆಗೆ ಅಪ್ಪಳಿಸಿ, ಅಲ್ಲಿಂದ ಚಿಮ್ಮಿ, ಓಣಿಗೆ ತೆರೆಯುವ ಮುಂದಿನ ಕೋಣೆಯ ಬಾಗಿಲಿಗೆ ನೇರ ಬೀಳುತ್ತಿತ್ತು. ಕೈಗೆ ಸಿಕ್ಕಿದ ಹತ್ತಿಯನ್ನು ಮುದ್ದೆ ಮಾಡಿ ತೂತಿಗೆ ಒತ್ತಿದಳು. ಉಗುಳಿ ಎಸೆಯಿತು. ಅಂಗೈ ಒತ್ತಿದಳು. ಬೆರಳಸಂದಿಯಿಂದ ನೀರು ಚಾಕುವಿನಂತೆ ಹೊರಟು ಕಣ್ಣಿಗೆ ಬಡಿಯಿತು. ಬೆನ್ನನ್ನು ಎದುರು ಗೋಡೆಗೆ ಕೊಟ್ಟು, ಎರಡು ಕೈಯನ್ನೂ ಒಂದರ ಮೇಲೊಂದು ಇಟ್ಟು, ತಲೆ ತಗ್ಗಿಸಿ ಒತ್ತಿ ಹಿಡಿದಳು. ತೋಳು ಅದುರುತ್ತಿತ್ತು. ಉಸಿರೆಳೆದರೆ ಬಾಯಿತುಂಬ ನೀರು.

ಬಾಗಿಲಲ್ಲಿ ಬೀಗದಣ್ಣ ಕಾಣಿಸಿದ. ಒಂದೇ ನೋಟಕ್ಕೆ ಅವನಿಗೆ ಎಲ್ಲ ಗೊತ್ತಾಯಿತು.

"ಬಿಡಬೇಡ, ಹಿಡ್ಕೊಂಡಿರು! ಬೀದಿ ವಾಲ್ವ್ ಮುಚ್ತೀನಿ!"

"ಬೇಡ!"

"ಏನು ಬೇಡ? ಹಾಸಿಗೆಯೆಲ್ಲ ಹೋಗುತ್ತೆ!"

"ಹೋಗ್ಲಿ! ಮುಚ್ಚಬೇಡಿ ಅಣ್ಣ! ಮೇಲೆ ನಮ್ಮಮ್ಮ ಇದಾಳೆ! ಬೆನ್ನಲ್ಲಿ ಹುಣ್ಣಾಗಿದೆ ಅವಳಿಗೆ! ನನ್ನಾಣೆ, ಮುಚ್ಚಬೇಡಿ!"

ಬೀಗದಣ್ಣ ಅರೆಗಳಿಗೆ ಹಾಗೇ ನಿಂತ. ಅವಳಮ್ಮ ಮೇಲ್ಬೀದಿಯಲ್ಲಿರುವುದು ಅವನಿಗೆ ಅಂದಿನ ತನಕ ಗೊತ್ತಿರಲಿಲ್ಲ. ತಿರುಗಿ ಓಡಿದ. ಪುಟ್ಟಿಗೆ ಅವನು ಬೀದಿಯ ಗುಂಡಿಗೇ ಹೋದನೆನ್ನಿಸಿ ಅಳು ಉಕ್ಕಿತು. ಆದರೆ ಅವನು ಹೋದದ್ದು ತನ್ನ ಮನೆಗೆ. ದೊಡ್ಡ ಪೈಪು ಸ್ಪ್ಯಾನರ್ ತಂದು, ಅವಳ ಬಾಗಿಲ ಪಕ್ಕದ ನೀರಿನ ಮೀಟರಿನ ಡಬ್ಬಿ ತೆರೆದು, ಅಲ್ಲಿ ತುಕ್ಕು ಹಿಡಿದು ಕೂತಿದ್ದ ವಾಲ್ವಿಗೆ ಸಿಕ್ಕಿಸಿದ. ಮುಟ್ಟಿದರೆ ಮುರಿದುಹೋಗುತ್ತದೆ ಎಂದು ಪ್ಲಂಬರ್ ಕೈಹಾಕದೆ ಬಿಟ್ಟಿದ್ದ ವಾಲ್ವು ಅದು. ಬೀಗದಣ್ಣ ಕಾಲನ್ನು ಗೋಡೆಗೆ ಒದೆಗೊಟ್ಟು ಎಳೆದ. ಕೈಜಾರಿ ಬೆರಳಗಂಟಿನ ಚರ್ಮ ಸುಲಿಯಿತು. ಬೀಗಗಳನ್ನು ಬೈಯುವ ಅಷ್ಟೂ ಬೈಗುಳವನ್ನು ಅದಕ್ಕೆ ಬೈದು ಮತ್ತೆ ಎಳೆದ. ಅದು ಕಿರ್ರೆಂದು ಒಂದು ಚೂರು ಸರಿಯಿತು, ಇನ್ನೊಂದು ಚೂರು. ಒಳಗೆ ಪುಟ್ಟಿಯ ಅಂಗೈಯಡಿಯ ಒತ್ತಡ ಮೆಲ್ಲಗೆ ಸೋತುಬಂತು. ನೀರು ನಿಂತಮೇಲೂ ಅವಳು ಕೈ ತೆಗೆಯಲಿಲ್ಲ. ಬೀಗದಣ್ಣನೇ ಬಂದು ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಹಾಸಿಗೆಗಳಲ್ಲಿ ಅರ್ಧದಷ್ಟು ತೊಯ್ದಿದ್ದವು. ವಾರ್ಡನ್ ಬಂದು ನೋಡಿ, ಲೊಚಗುಟ್ಟಿ, ಕಾಯಲು ಆಗುವುದಿಲ್ಲ ಎಂದು ಬೇಸರದಿಂದಲೇ ಹೇಳಿ, ಒಣಗಿದ್ದವನ್ನು ಮಾತ್ರ ಒಯ್ದಳು. ಉಳಿದದ್ದು ಬೇರೆಯವರಿಗೆ ಹೋಯಿತು, ಬರುವ ವರ್ಷದ್ದೂ. ಗಂಡ ಆ ಸಂಜೆ ಕೂತು ಅವಳ ಅಂಗೈಗೆ ಮುಲಾಮು ಹಚ್ಚಿದ. "ನಾನು ಅವತ್ತೇ ಬೇಡ ಅನ್ನಬೇಕಿತ್ತು," ಎಂದ.

ಬೀಗದಣ್ಣ ಕೀಲಿಯ ಸರಳನ್ನು ಗರಗಸ ಹಿಡಿದು ತುಂಡುಮಾಡಿ ಗುಜರಿಗೆ ಹಾಕಿದ. ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಸ್ಕೂಟರಿನಲ್ಲಿ ನಗರದ ಆಚೆ ತುದಿಯ ತನಕ ಅಂಗಡಿ ಅಂಗಡಿ ಅಲೆದು, ತನಗೊಂದು ಅವಳಿಗೊಂದು ಒತ್ತಡ ತಗ್ಗಿಸುವ ವಾಲ್ವ್ ಹುಡುಕಿ ತಂದ. ಗಂಟೆಯ ಆಕಾರದ ಹಿತ್ತಾಳೆಯ ವಸ್ತು. ಪ್ಲಂಬರ್ ಮುಖ್ಯ ವಾಲ್ವನ್ನು ಹೊಸದಾಗಿ ಹಾಕಿ, ಅದರ ಮುಂದೆ ಇದನ್ನು ಬಾಣದ ಗುರುತು ಮನೆಯ ಕಡೆ ಬರುವಂತೆ ಕೂರಿಸಿ, ಮೇಲಿನ ತಿರುಪನ್ನು ಅಷ್ಟಷ್ಟೇ ತಿರುಗಿಸಿದ. ಮೀಟರಿನ ಮುಳ್ಳು ಇಳಿದು ಮೂರರಲ್ಲಿ ನಿಂತಿತು. ಪುಟ್ಟಿ ಮನೆಯ ಎಲ್ಲ ನಲ್ಲಿ ಮುಚ್ಚಿ ಬಂದು ಅದನ್ನೇ ನೋಡುತ್ತ ನಿಂತಳು.

"ಏರಲ್ವಾ?"

"ಏರಲ್ಲ. ನೀರು ನಿಂತಾಗಲೂ ಹಿಡಿದಿಡೋದೇ ಇದರ ಕೆಲಸ. ವರ್ಷಕ್ಕೊಮ್ಮೆ ಒಳಗಿನ ಜಾಲರಿ ತೊಳೆಸಿ, ಅಷ್ಟೇ."

ಇಷ್ಟು ಸಣ್ಣ ವಸ್ತು ಎಂದು ಪುಟ್ಟಿಗೆ ಅನ್ನಿಸಿತು. ಗೋಡೆಗೆ ತಲೆಯಾನಿಸಿ ಆಗ ಅತ್ತಳು, ಅದುವರೆಗೆ ಅತ್ತಿರಲಿಲ್ಲ.

ಅಕ್ಕ ಫೋನು ಎತ್ತುತ್ತಿರಲಿಲ್ಲ. ಕೈಯ ಊತ ಇಳಿದಮೇಲೆ ಪುಟ್ಟಿ ಮೆಟ್ಟಿಲು ಹತ್ತಿದಳು. ನಡುವೆ ಎಲ್ಲೂ ನಿಲ್ಲದೆ ಹತ್ತಿದ್ದರಿಂದ ಬಾಗಿಲು ತಟ್ಟುವಾಗ ಮಾತಾಡಲು ಉಸಿರಿರಲಿಲ್ಲ. ಅಕ್ಕ ಬಾಗಿಲು ತೆರೆದು, ಅವಳನ್ನು ನೋಡಿ, ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋದಳು. ಒಳಗೆಲ್ಲೋ ಬಕೆಟ್ಟಿಗೆ ನೀರು ಬೀಳುತ್ತಿತ್ತು.

ಅಮ್ಮ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು. "ಪುಟ್ಟೀ... ಯಾಕೇ ಬರ್ಲಿಲ್ಲ ಇಷ್ಟು ದಿನ?" ತೊದಲು ಮಾತಿನಲ್ಲಿ ಕೇಳಿದಳು.

ಪುಟ್ಟಿ ಬಾಯಿ ತೆರೆದಳು. ಅದಕ್ಕೆ ಮೊದಲೇ ಅಕ್ಕ, "ಅವಳಿಗೆ ಕೆಲಸ ಜಾಸ್ತಿ ಇತ್ತಂತೆ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಬಿಸಿನೀರಿನ ಬಕೆಟ್ಟನ್ನು ಮಂಚದ ಪಕ್ಕ ಇಟ್ಟಳು.

ಅಕ್ಕ ಅಡುಗೆಮನೆಗೆ ಟವಲು ತರಲು ಹೋದಾಗ ಪುಟ್ಟಿ ಹಿಂದೆಯೇ ಹೋದಳು. "ಅಕ್ಕ..."

"ನನಗೆ ಇನ್ನೂ ಕೋಪ ಇದೆ," ಎಂದಳು ಅಕ್ಕ, ಕಪಾಟಿನ ಕಡೆ ಮುಖ ಮಾಡಿಯೇ. "ಯಾವಾಗ ಹೋಗುತ್ತೋ ಗೊತ್ತಿಲ್ಲ. ಕೇಳ್ಬೇಡ." ಆಮೇಲೆ ತಿರುಗಿದಳು. ಕಣ್ಣು ಪುಟ್ಟಿಯ ಅಂಗೈಗಳ ಮೇಲೆ ಹೋಯಿತು. ಇನ್ನೂ ಕೆಂಪಾಗಿ ಸಿಪ್ಪೆ ಏಳುತ್ತಿದ್ದವು. ಕೈಯಲ್ಲಿದ್ದ ಎರಡು ಟವಲುಗಳಲ್ಲಿ ಒಂದನ್ನು ಅವಳ ಹೆಗಲಿಗೆ ಹಾಕಿದಳು.

ಇಬ್ಬರೂ ಮಂಚದ ಎರಡು ಬದಿಗೆ ನಿಂತರು. ಅಕ್ಕ ಅಮ್ಮನ ಬೆನ್ನ ಮೇಲಿನ ಬಟ್ಟೆ ಸರಿಸಿದಳು. ಹುಣ್ಣು ರೂಪಾಯಿ ಅಗಲಕ್ಕಿತ್ತು, ಅಂಚು ಒಣಗತೊಡಗಿತ್ತು. ಪುಟ್ಟಿ ಅದನ್ನು ನೋಡಿದಳು, ಕಣ್ಣು ತಪ್ಪಿಸಲಿಲ್ಲ.

"ಆ ಕಡೆ ಹೆಗಲು ಹಿಡ್ಕೋ," ಎಂದಳು ಅಕ್ಕ. "ನಾನು ಸೊಂಟ ಎತ್ತುತೀನಿ. ಮೆಲ್ಲಗೆ."

ಪುಟ್ಟಿ ಬಗ್ಗಿ ಅಮ್ಮನ ಹೆಗಲಿನಡಿಗೆ ತೋಳು ತೂರಿಸಿದಳು.